ಒಂದೇ ಪ್ರತಿ

ಸಂಪಾದಕ ಗೌರೀಶಂಕರರು ಕಂಪೋಸಿಟರ್ ಲಕ್ಕಯ್ಯನ ಕೈ ಹಿಡಿದದ್ದು, ಅವನು ಹನ್ನೊಂದು ಸಾವುಗಳನ್ನು ಕಿತ್ತುಹಾಕುತ್ತಿದ್ದಾಗ.

ಹಾಸನದ ಆ ವಾರಪತ್ರಿಕೆ ಇನ್ನೊಂದು ಗಂಟೆಯಲ್ಲಿ ಅಚ್ಚಿಗೆ ಹೋಗಬೇಕಿತ್ತು. ರಾಮನಾಥಪುರದ ಬಳಿ ಹರಿಗೋಲು ಮಗುಚಿ ಹನ್ನೊಂದು ಮಂದಿ ಕಾವೇರಿಯ ಪಾಲಾಗಿದ್ದರು. ಮುಖಪುಟದ ಸುದ್ದಿಯೇ ಅದು. ಲಕ್ಕಯ್ಯ ಆ ಸುದ್ದಿಯ ಅಚ್ಚುಮೊಳೆಗಳನ್ನು ತೆಗೆದು ‘ಎಲ್ಲರೂ ಪಾರು’ ಎಂದು ಜೋಡಿಸುತ್ತಿದ್ದ.

“ಹರಿಗೋಲು ನಡೆಸುವ ಕಂಟ್ರಾಕ್ಟರ್ ಎಷ್ಟು ಕೊಟ್ಟ?” ಗೌರೀಶಂಕರರು ಕೇಳಿದರು. ಸುಳ್ಳು ಅಚ್ಚು ಹಾಕಲಾರೆ ಎಂದು ಜೈಲು ಕಂಡುಬಂದ ಮನುಷ್ಯ ಅವರು.

ಸಂಸ್ಥಾನದ ಕಾಲದಲ್ಲಿ ಸರ್ಕಾರದ ಅಪ್ಪಣೆಯಿಲ್ಲದೆ ಒಂದು ಸಾಲೂ ಅಚ್ಚಾಗುತ್ತಿರಲಿಲ್ಲ. ‘ಪ್ಲೇಗ್ ಇಲ್ಲ. ಸಾರ್ವಜನಿಕರು ಗಾಬರಿಪಡಬೇಕಾಗಿಲ್ಲ’ ಎಂದು ಪತ್ರಿಕೆಯಲ್ಲಿ ಬಂತೋ, ಪ್ಲೇಗ್ ಬಂದಿದೆಯೆಂದೇ ತಿಳಿದು ಜನ ಗಂಟುಮೂಟೆ ಕಟ್ಟಿ ಊರಾಚೆ ಗುಡಿಸಲು ಹಾಕುತ್ತಿದ್ದರು! ಅವನ್ನೆಲ್ಲ ಜೋಡಿಸಿದ್ದೂ ಲಕ್ಕಯ್ಯನೇ. ಆ ಆಳ್ವಿಕೆ ಹೋಗಿ ಎಂಟು ವರ್ಷವಾಗಿತ್ತು. ಈಗ ಪತ್ರಿಕೆ ಏನು ಹೇಳಿದರೂ ಜನ ಅದನ್ನು ಹಾಗೆಯೇ ನಂಬುತ್ತಿದ್ದರು. ಗೌರೀಶಂಕರರು ಬದುಕಿನಲ್ಲಿ ಗಳಿಸಿದ್ದು ಆ ನಂಬಿಕೆಯೊಂದನ್ನೇ.

“ದುಡ್ಡಲ್ಲ ಸಾ. ಒಂದೇ ಒಂದ್ ಪ್ರತಿ. ನಮ್ ಸಣ್ಣಕ್ಕುಂಗೆ.” ಎಂದ ಲಕ್ಕಯ್ಯ. “ಆ ಅನ್ನೊಂದ್ರಲ್ಲಿ ನಮ್ ತಮ್ಮಯ್ಯನೂ ಅವ್ನೆ.”

ತಮ್ಮಯ್ಯ ಒಬ್ಬನೇ ಮಗ. ಹೊಗೆಸೊಪ್ಪಿನ ಕೆಲಸಕ್ಕೆಂದು ಅತ್ತ ಹೋಗಿದ್ದ. ಲಕ್ಕಯ್ಯನ ಹೆಂಡತಿ ಸಣ್ಣಕ್ಕ ಎದೆನೋವಿನಿಂದ ಹಾಸಿಗೆ ಹಿಡಿದು ತಿಂಗಳಾಗಿತ್ತು. ಇನ್ನೊಂದು ಪೆಟ್ಟು ತಡೆಯಲಾರಳು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಹರಿಗೋಲಿನ ಸುದ್ದಿ ಆಗಲೇ ಅವಳ ಕಿವಿಗೆ ಬಿದ್ದಿತ್ತು.

“ಯಾರೇಳಿದ್ರೂ ನಂಬಾಕಿಲ್ಲ ಸಾ. ಪೇಪರ್ ಬರ್ಲಿ ಅಂತ ಕಾಯ್ತಾವ್ಳೆ. ನಿಮ್ ಪೇಪರ್ ಸುಳ್ಳೇಳಾಕಿಲ್ವಂತೆ.”

ಗೌರೀಶಂಕರರು ಅವನ ಕೈ ಬಿಟ್ಟರು. “ಒಂದೇ,” ಎಂದಷ್ಟೇ ಹೇಳಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಜೈಲಿಗೂ ಬಗ್ಗದ ಮನುಷ್ಯ ಅಂದು ಸೋತಿದ್ದರು.

ಲಕ್ಕಯ್ಯ ಮೂರು ಸಾಲು ಜೋಡಿಸಿದ. ಕೆಳಗೆ ಇನ್ನೊಂದು ಸಾಲಿನ ಜಾಗ ಉಳಿಯಿತು. ಕಣ್ಣು ಮಂಜಾಗಿತ್ತು, ಪಳಗಿದ ಕೈ ತನ್ನಷ್ಟಕ್ಕೆ ತಾನೇ ಅದನ್ನೂ ತುಂಬಿತು. ಒಂದು ಪ್ರತಿ ತೆಗೆದು, ಮೊಳೆಗಳನ್ನು ಮೊದಲಿನಂತೆ ಮಾಡಿಟ್ಟು, ಮನೆಗೆ ಓಡಿದ.

ಅವನು ಓದಿದ. ಸಣ್ಣಕ್ಕ ಕಣ್ಣು ಮುಚ್ಚಿ ಕೇಳಿದಳು. ಹರಿಗೋಲು ಮಗುಚಿತು ಎಂದಾಗ ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು. ಎಲ್ಲರೂ ಪಾರು ಎಂದಾಗ ಅವಳ ಮುಖ ಅರಳಿತು. ಅಬ್ಬ, ಬದುಕಿಸಿಕೊಂಡೆ ಎಂದುಕೊಂಡ ಲಕ್ಕಯ್ಯ. ಉಳಿದದ್ದನ್ನೂ ಅದೇ ಉಸಿರಿನಲ್ಲಿ ಓದಿ ಮುಗಿಸಿದ.

“‘ಸಾರ್ವಜನಿಕರು ಗಾಬರಿಪಡಬೇಕಾಗಿಲ್ಲ.’”

ಸಣ್ಣಕ್ಕ ಕಣ್ಣು ತೆರೆದು ಗಂಡನ ಮುಖವನ್ನೇ ನೋಡಿದಳು.

“ನನ್ ಮಗನ್ನ ಎಲ್ಲಿ ಮಡಗವ್ರೆ?”