ಜೇಬಿನಲ್ಲಿದ್ದ ಫ್ಯೂಸ್

ಲೈನ್‌ಮ್ಯಾನ್ ತರಬೇತಿಯ ಮೇಷ್ಟ್ರು ಬೆಳಗ್ಗೆ ಮೇಜು ಗುದ್ದಿ ಪಾಠ ಮಾಡಿದ್ದರು. ಆ ದನಿಗೆ ಹಿಂದಿನ ಬೆಂಚಿನವರಿಗೂ ಎಚ್ಚರವಾಗಿತ್ತು.

"ಟ್ರಾನ್ಸ್‌ಫಾರ್ಮರ್‌ನಲ್ಲಿ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡೇ ಕಂಬ ಹತ್ತಬೇಕು. ಇಳಿಯೋವರೆಗೂ ಅದನ್ನ ಯಾರ ಕೈಗೂ ಕೊಡಬಾರ್ದು. ನಾನೇ ಬಂದು ಕೇಳಿದ್ರೂ ಕೊಡಬಾರ್ದು! ಜೀವ ಕಣ್ರಯ್ಯ, ಜೀವ!"

ಮಧ್ಯಾಹ್ನ ಶಿಷ್ಯ ಮಾದೇಶ ಫ್ಯೂಸ್ ಕಿತ್ತು ಜೇಬಿಗಿಳಿಸಿ, ಅಂಗಳದ ಕಂಬ ಹತ್ತಿ ತಂತಿ ಬಿಗಿಯುತ್ತಿದ್ದಾಗ ಅದೇ ಮೇಷ್ಟ್ರು ಸ್ಟಾಫ್ ರೂಮಿನಿಂದ ಓಡಿ ಬಂದರು. ಒಳಗೆ ಟಿ.ವಿ. ಆರಿಹೋಗಿತ್ತು.

"ಲೋ, ಕೊನೇ ಓವರು ಕಣೋ! ಫ್ಯೂಸ್ ಎಸಿ!"

"ಸಾರ್, ನಾನಿನ್ನೂ ಕಂಬದ ಮೇಲಿದೀನಿ."

"ಕಾಣ್ತಾ ಇದೆ. ತಂತಿ ಮುಟ್ಟದೆ ಸುಮ್ನೆ ಇರು. ಮ್ಯಾಚ್ ಮುಗಿದ ಮೇಲೆ ಕೆಲಸ ಮಾಡುವೆಯಂತೆ."

"ಬೆಳಗ್ಗೆ ನೀವೇ ಹೇಳಿದ್ರಲ್ಲ ಸಾರ್..."

"ಅದು ಪಾಠ ಕಣಯ್ಯ, ಇದು ಫೈನಲ್ಲು! ಎಸೀತೀಯೋ, ಫೇಲ್ ಮಾಡ್ಲೋ?"

ಮಾದೇಶ ತಂತಿಯಿಂದ ಆದಷ್ಟು ದೂರ ಸರಿದು ಫ್ಯೂಸನ್ನು ಕೆಳಕ್ಕೆ ಎಸೆದ. ಮೇಷ್ಟ್ರು ಅದನ್ನು ಸೊಗಸಾಗಿ ಕ್ಯಾಚ್ ಹಿಡಿದು ಟ್ರಾನ್ಸ್‌ಫಾರ್ಮರ್ ಕಡೆ ಓಡಿದರು, ಫ್ಯೂಸ್ ಪೆಟ್ಟಿಗೆಯ ಬಾಗಿಲು ತೆಗೆದರು. ಫ್ಯೂಸ್ ಕಿತ್ತಿದ್ದರೂ ಪೆಟ್ಟಿಗೆಯವರೆಗೆ ಬರುವ ಲೈನಿನಲ್ಲಿ ಕರೆಂಟ್ ಇದ್ದೇ ಇತ್ತು. ತಲೆಯ ಮೇಲೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತಿತ್ತು. ಮೇಷ್ಟ್ರು ಚಾಚಿದ ಕೈ ತಾನಾಗಿ ಹಿಂದಕ್ಕೆ ಬಂತು.

"ಯಾರ್ರೋ ಅಲ್ಲಿ? ಸಬ್‌ಸ್ಟೇಷನ್‌ಗೆ ಫೋನ್ ಮಾಡಿ, ಮೊದ್ಲು ಇಡೀ ಊರಿಗೇ ಕರೆಂಟ್ ತೆಗೆಸ್ರೋ! ನಂಗೆ ಹೆಂಡ್ತಿ ಮಕ್ಕಳಿದ್ದಾರೆ!"