ಬಕೆಟ್ಟಿನ ಕೊನೆಯ ಮಾತು

"ನಿಮ್ಮ ಬಕೆಟ್ ನೋಡಿದಾಗಿಂದ ನನ್ನ ಹೆಂಡ್ತಿ ಊಟ ಬಿಟ್ಟಿದ್ದಾಳೆ ಕಣ್ರೀ," ಅಂದರು ಫೋನಿನಲ್ಲಿ ಸಂಪಾದಕರು.

ಚಿತ್ರಗಾರನಿಗೆ ತಲೆಬುಡ ತಿಳಿಯಲಿಲ್ಲ. ಅವನು ಕೊಂದದ್ದು ತನ್ನ ಕಾಮಿಕ್ಸಿನ ಪತ್ತೇದಾರನನ್ನು. ವರ್ಷಗಟ್ಟಲೆ ಅದೊಂದೇ ಕಾಮಿಕ್ಸ್ ಬರೆದು ಕೈ ಸೋತಿತ್ತು. ಪತ್ತೇದಾರನ ಹೆಂಡತಿ ಸತ್ತಿದ್ದಳು, ಗೆಳೆಯ ಸತ್ತಿದ್ದ, ನಾಯಿ ಸಂಪಾದಕರ ಮರೆವಿನಿಂದಾಗಿ ಎರಡು ಸಲ ಸತ್ತಿತ್ತು. ಪ್ರತಿ ಪುಟದಲ್ಲೂ ಮಳೆ. ಮಳೆ ನಿಂತರೆ ಸಂಪಾದಕರಿಗೆ ಜ್ವರ ಬರುತ್ತಿತ್ತು. ಕೊನೆಗೆ ಉಳಿದವನು ಪತ್ತೇದಾರನೊಬ್ಬನೇ. 'ಅವನನ್ನೂ ಮುಗಿಸಿಬಿಡಿ, ಆಮೇಲೆ ನೀವು ಫ್ರೀ, ನಿಮ್ಮ ಬಾತುಕೋಳಿ ಬರ್ಕೊಳ್ಳಿ' ಎಂದು ಸಂಪಾದಕರೇ ಮಾತು ಕೊಟ್ಟಿದ್ದರು. ಈಜು ಬಾರದ ಒಂದು ಬಾತುಕೋಳಿ ಮರಿಯ ಕಥೆ ಅದು. ಅದಕ್ಕೆಂದೇ ಕೊಂಡ ಬಣ್ಣದ ಪೆಟ್ಟಿಗೆ ಸೀಲು ಒಡೆಯದೆ ಕಪಾಟಿನ ಮೇಲೆ ಕೂತಿತ್ತು. ಕಪ್ಪು ಮಸಿಯೊಂದು ಬಿಟ್ಟರೆ ಆ ಮನೆಯಲ್ಲಿ ಬೇರೆ ಬಣ್ಣ ಖರ್ಚಾದದ್ದೇ ಇಲ್ಲ.

"ಒಂದ್ನಿಮಿಷ ಸಾರ್," ಎಂದು ಅವನು ಫೋನಿಗೆ ಅಂಗೈ ಮುಚ್ಚಿ, ಹೊಸ ಸಂಚಿಕೆಯ ಕೊನೆಯ ಪುಟ ತೆರೆದ. ಪಾಳು ಗೋದಾಮು. ಸೋರುವ ಸೂರು. ಬೋರಲು ಬಿದ್ದ ಪತ್ತೇದಾರ. ಪಕ್ಕದಲ್ಲಿ ಹನಿ ಹಿಡಿಯಲು ಇಟ್ಟ ಬಕೆಟ್. ಮೇಲೆ ಮಾತಿನ ಗುಳ್ಳೆ: 'ಇನ್ನು ಯಾರೂ ಬರುವುದಿಲ್ಲ. ನಾನು ತುಂಬಿಹೋಗಿದ್ದೇನೆ.' ಗುಳ್ಳೆಯಿಂದ ಇಳಿದ ಬಾಲ, ಪತ್ತೇದಾರನನ್ನು ದಾಟಿ, ನೆಟ್ಟಗೆ ಬಕೆಟ್ಟಿನ ಬಾಯಿಗೆ ಬಂದು ನಿಂತಿತ್ತು.

ಗುಳ್ಳೆ ಬರೆಯುವುದು, ಅದರೊಳಗೆ ಅಕ್ಷರ ಕೂರಿಸುವುದು, ಯಾರು ಮಾತಾಡಿದರೋ ಅವರ ಬಾಯಿಗೆ ಬಾಲ ಎಳೆಯುವುದು, ಎಲ್ಲಾ ಅವನ ಹೆಂಡತಿಯ ಕೆಲಸ. ಎದುರು ಮೇಜಿನಲ್ಲೇ ಕೂತಿದ್ದಳು.

"ಬಾಲ ಯಾರಿಗೆ ಹಾಕಿದ್ದೀಯ ನೋಡು," ಎಂದು ಪಿಸುಗುಟ್ಟಿದ.

ಅವಳು ಕನ್ನಡಕ ಏರಿಸಿ ನೋಡಿದಳು. "ಓ."

"ಓ ಅಂದ್ರೆ?"

"ಇಡೀ ಪುಟಕ್ಕೆ ಮಸಿ ಬಳಿದಿದ್ದೀರಿ. ಅವನ ಬಾಯಿ ಎಲ್ಲೀಂತ ಹುಡುಕ್ಲಿ? ಬೆಳ್ಳಗೆ ಕಂಡಿದ್ದು ಇದೊಂದೇ. ಮುಖ ಅನ್ಕೊಂಡೆ."

"ಮುಖಕ್ಕೆ ಹಿಡಿ ಇರುತ್ತೇನೇ?"

"ಕಿವಿ ಅನ್ಕೊಂಡೆ. ನಿಮ್ಮ ಕಡೆಯವರಿಗೆಲ್ಲಾ ಹಾಗೇ ಅಲ್ವಾ ಇರೋದು."

ಅವನು ಅಂಗೈ ತೆಗೆದು, ತಪ್ಪು ಒಪ್ಪಿಕೊಳ್ಳಲು ಬಾಯಿ ತೆರೆದ. ಸಂಪಾದಕರು ಬಿಟ್ಟರೆ ತಾನೇ. "ವಿಮರ್ಶಕರು ಏನಂದಿದ್ದಾರೆ ಗೊತ್ತಾ? ಹತಾಶೆಯನ್ನು ಮನುಷ್ಯನಿಂದ ಬಿಡಿಸಿ ವಸ್ತುವಿಗೆ ದಾಟಿಸಿದ ಮೊದಲ ಪುಟ ಅಂತೆ. ಓದುಗರೆಲ್ಲಾ ಕೇಳ್ತಿದ್ದಾರೆ, ಬಕೆಟ್ ಮುಂದೇನಾಗುತ್ತೆ ಅಂತ."

"ಪತ್ತೇದಾರ ಸತ್ತಿದ್ದಕ್ಕೆ ಏನಂದ್ರು ಸಾರ್?"

"ಯಾರು? ಹಾಂ, ಅವನಾ. ಮಲಗಿದ್ದಾನೆ ಅನ್ಕೊಂಡಿದ್ದಾರೆ. ಅದು ಬಿಡಿ, ಮುಂದಿನ ಸಂಚಿಕೆಯಿಂದ ಬಕೆಟ್ಟೇ ಹೀರೋ."

"ಅವನು ಸತ್ರೆ ನಾನು ಫ್ರೀ ಅಂತ ನೀವು ಮಾತು ಕೊಟ್ಟಿದ್ರಿ."

"ಅವನು ಸತ್ತ ಕಣ್ರೀ, ಇಲ್ಲ ಅಂದೋರ್ಯಾರು. ಬಕೆಟ್ ಇನ್ನೂ ಇದೆಯಲ್ಲ."

ಚಿತ್ರಗಾರ ಕಪಾಟಿನ ಮೇಲಿನ ಪೆಟ್ಟಿಗೆಯನ್ನು ನೋಡಿದ. ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ಬಕೆಟ್ಟಿನೊಳಗೆ ಒಂದು ಬಾತುಕೋಳಿ ಮರಿ ಇರ್ಲಿ ಸಾರ್. ಹಳದಿ ಬಣ್ಣದ್ದು. ಮೂಲೆಯಲ್ಲಿ ಸುಮ್ನೆ ಇರುತ್ತೆ, ಯಾರಿಗೂ ತೊಂದ್ರೆ ಕೊಡಲ್ಲ."

 ಅತ್ತ ಕಡೆಯಿಂದ ಮೂಗು ಸೀಟಿದ ಸದ್ದು ಕೇಳಿಸಿತು. "ಈಜು ಬರಲ್ಲ ಅಂತಿದ್ರಲ್ಲ, ಆ ಮರಿನಾ?"

"ಅದೇ."

"ಬಕೆಟ್ ಬೇರೆ ತುಂಬಿದೆ," ಎಂದರು ಸಂಪಾದಕರು ಒದ್ದೆಯಾದ ದನಿಯಲ್ಲಿ. "ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ? ಎಷ್ಟನೇ ಪುಟದಲ್ಲಿ ಮುಳುಗಿಸೋಣ?"

ಅವನು ಫೋನಿಗೆ ಮತ್ತೆ ಅಂಗೈ ಮುಚ್ಚಿದ. ಫೋನಿಗೆ ಕಿವಿ ಕೊಟ್ಟೇ ಕೂತಿದ್ದ ಹೆಂಡತಿ ತನ್ನ ಅತಿ ಸಣ್ಣ ನಿಬ್ಬನ್ನು ಮಸಿಗೆ ಅದ್ದಿ, ಅಚ್ಚಾದ ಬಕೆಟ್ಟಿನ ತಳಕ್ಕೆ ಒಂದು ಚುಕ್ಕೆ ಇಟ್ಟಳು.

"ತೂತು," ಎಂದಳು ಮೆಲ್ಲಗೆ. "ನೀರು ಸೋರಿಹೋದ್ರೆ ಮರಿ ಉಳ್ಕೊಳ್ಳುತ್ತೆ. ಬಕೆಟ್ ಸಾಯುತ್ತೆ. ಅವರಿಗೆ ಯಾರಾದ್ರೇನು, ಒಂದು ಹೆಣ ಬಿದ್ರೆ ಸಾಕು."

ಅವನು ಹಾಗೆಯೇ ಫೋನಿನಲ್ಲಿ ಹೇಳಿದ. ಸಂಪಾದಕರು ಅದನ್ನು ಒಮ್ಮೆ ಬಾಯಲ್ಲಿ ಹೊರಳಿಸಿ ನೋಡಿದರು.

"ಸೋರಿ ಸೋರಿ ಸಾಯೋದು," ಎಂದರು. "ಆಯ್ತು, ಒಪ್ಪಿದೆ. ಮರಿ ನಿಮಗೇ ಇರ್ಲಿ. ಆದ್ರೆ ಆತುರ ಬೇಡ. ಸಂಚಿಕೆಗೆ ಒಂದೇ ಹನಿ."

ಫೋನ್ ಇಟ್ಟ ಮೇಲೆ ಅವನು ಹೊಸ ಹಾಳೆ ಹರಡಿ, ಪೆನ್ಸಿಲಿನಲ್ಲಿ ಬಕೆಟ್ ಬರೆದ, ಅಂಚಿನವರೆಗೆ ನೀರು ಬರೆದ, ತಳದಲ್ಲಿ ತುದಿಗಾಲ ಮೇಲೆ ನಿಂತ ಮರಿಯನ್ನು ಬರೆದ. ನೀರು ಅದರ ನೆತ್ತಿಯ ಮೇಲಿತ್ತು. ಕುತ್ತಿಗೆ ಅಳಿಸಿ ಉದ್ದ ಮಾಡಿದ. ಸಾಲಲಿಲ್ಲ. ಮತ್ತೆ ಅಳಿಸಿ ಇನ್ನಷ್ಟು ಉದ್ದ ಮಾಡಿದ.

ಹೆಂಡತಿ ಬಣ್ಣದ ಪೆಟ್ಟಿಗೆ ಇಳಿಸಿ ತಂದು, ಸೀಲು ಒಡೆಯುತ್ತ ಬಗ್ಗಿ ನೋಡಿದಳು. "ಇದೇನ್ರೀ, ಬಾತುಕೋಳಿ ಹೋಗಿ ಕೊಕ್ಕರೆ ಆಗ್ತಿದೆ."

"ಆಗ್ಲಿ ಬಿಡು," ಎಂದ ಅವನು ರಬ್ಬರು ಕೆಳಗಿಡದೆ. "ಉಸಿರಾಡ್ಬೇಕಲ್ಲ."