ಗೆರೆಯಿಲ್ಲದ ಅಳಿಲಿನ ಮರಿ

ದೇವರ ಬತ್ತಿ ಹೊಸೆಯುವಾಗ ಒದ್ದೆ ಹತ್ತಿ ಬೆರಳಿಗೆ ತಾಗಿದರೆ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಆ ಮಧ್ಯಾಹ್ನ ನೆನಪಾಗುತ್ತದೆ, ಮಕ್ಕಳೇ.

ನಿಮ್ಮ ಅಮ್ಮ, ಜರ್ಮನಿಯವರು ಆಗ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿ, ಅಲ್ಲಿಗೆ ಕೆಲಸಕ್ಕೆ ಹೋದ ಹೊಸತು. ಅಜ್ಜ ತೀರಿಕೊಂಡ ಮೇಲೆ ನಗುವುದನ್ನೇ ಮರೆತಿದ್ದ ನನ್ನನ್ನೂ ಕರೆಸಿಕೊಂಡಿದ್ದಳು. ಒಂದು ಭಾನುವಾರ ನೀವಿಬ್ಬರೂ ತಾಯಿ ಸತ್ತ ಅಳಿಲಿನ ಮರಿಯೊಂದನ್ನು ಟೊಪ್ಪಿಯಲ್ಲಿಟ್ಟು ತಂದಿರಿ. ಪ್ರಾಣಿವೈದ್ಯರ ಬಾಗಿಲು ಮುಚ್ಚಿತ್ತು. ಮರಿಯ ಮೈ ಕೆಂಪಗಿತ್ತು, ಬೆನ್ನಿನಲ್ಲಿ ಒಂದು ಗೆರೆಯೂ ಇರಲಿಲ್ಲ. ರೋಗಕ್ಕೆ ಗೆರೆ ಅಳಿಸಿಹೋಗಿದೆ ಎಂದುಕೊಂಡೆ.

"ಇಲ್ಲಿಯ ಅಳಿಲಿಗೆ ಗೆರೆ ಇರೂದಿಲ್ಲ ಅಜ್ಜಿ," ಎಂದಳು ದೊಡ್ಡವಳು.

"ರಾಮ ಇಲ್ಲಿವರೆಗೆ ಬರ್ಲಿಲ್ಲ ಕಾಣ್ತದೆ," ಎಂದೆ.

"ಅವನಿಗೆ ವೀಸಾ ಸಿಗ್ಲಿಲ್ವಾ?" ಚಿಕ್ಕವನು ಕೇಳಿದ.

ಮರಿಯ ನಿಜವಾದ ಕಷ್ಟ ಬೇರೆ ಇತ್ತು. ಉಚ್ಚೆ ಕಟ್ಟಿ ಹೊಟ್ಟೆ ಕಲ್ಲಿನಂತೆ ಬಿಗಿದಿತ್ತು. ಹಾಗೆಯೇ ಬಿಟ್ಟರೆ ಸಂಜೆಯೊಳಗೆ ಸಾಯುತ್ತಿತ್ತು. ತಾಯಿ ನೆಕ್ಕದಿದ್ದರೆ ಎಳೆಮರಿಗಳಿಗೆ ಉಚ್ಚೆ ಬರುವುದಿಲ್ಲವೆಂದು ಊರಿನ ಬೆಕ್ಕಿನ ಮರಿಗಳಿಂದ ತಿಳಿದಿದ್ದೆ. ಬತ್ತಿಯ ಹತ್ತಿಯನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ ಅದರ ಕಿಬ್ಬೊಟ್ಟೆಯನ್ನು ಮೆಲ್ಲಗೆ ಸವರುತ್ತ ಕೂತೆ. ನೀವು ಉಸಿರು ಬಿಗಿಹಿಡಿದು ಪಕ್ಕದಲ್ಲೇ ಕೂತಿರಿ.

ಬಹಳ ಹೊತ್ತಿನ ಮೇಲೆ ನನ್ನ ಮಡಿಲು ಬೆಚ್ಚಗಾಯಿತು.

"ಅಜ್ಜಿ ಸೀರೆಗೇ ಉಚ್ಚೆ ಹೊಯ್ದುಬಿಡ್ತು," ಎಂದ ಚಿಕ್ಕವನು.

ನಾನು ಜೋರಾಗಿ ನಕ್ಕುಬಿಟ್ಟೆ. ಅಡುಗೆಮನೆಯಿಂದ ಓಡಿ ಬಂದ ನಿಮ್ಮ ಅಮ್ಮ ಬಾಗಿಲಲ್ಲೇ ನಿಂತು ನನ್ನ ಮುಖವನ್ನೇ ನೋಡಿದಳು.